ಪಿಎಎಚ್ ಒಡೆಯುವ ಬ್ಯಾಕ್ಟೀರಿಯಗಳ ತಳಿವಿಜ್ಞಾನ

ಬಹುಉಂಗುರದ ಆರೊಮ್ಯಾಟಿಕ್ ಹೈಡ್ರೊಕಾರ್ಬನ್‌ಗಳೆಂದರೆ ಎರಡು ಅಥವಾ ಹೆಚ್ಚು ಬೆಂಜೀನ್ ಉಂಗುರಗಳು ಜೇನುಗೂಡಿನ ಕೋಣೆಗಳಂತೆ ಗೋಡೆ ಹಂಚಿಕೊಂಡು ಕೂಡಿದ ಅಣುಗಳು. ಸಂಕ್ಷಿಪ್ತವಾಗಿ ಇವಕ್ಕೆ ಪಿಎಎಚ್ ಎನ್ನುತ್ತಾರೆ. ಇಂಗಾಲ, ಜಲಜನಕ ಬಿಟ್ಟರೆ ಇವುಗಳಲ್ಲಿ ಬೇರೇನೂ ಇಲ್ಲ. ಕಟ್ಟಿಗೆ, ಕಲ್ಲಿದ್ದಲು, ಡೀಸೆಲ್, ಕಸ ಏನೇ ಆಗಲಿ, ಗಾಳಿ ಸಾಲದೆ ಅರೆಬರೆ ಉರಿದಾಗ ಇವು ಹುಟ್ಟುತ್ತವೆ. ಬಹಳಷ್ಟು ಜೀವಿಗಳಿಗೆ ಇವು ತಿನ್ನಲಾಗದ ವಸ್ತು, ಕೆಲವಂತೂ ಕ್ಯಾನ್ಸರ್‌ಕಾರಕ. ಆದರೆ ಮಣ್ಣಿನ ಕೆಲವು ಬ್ಯಾಕ್ಟೀರಿಯಗಳು ಇವನ್ನೇ ಒಡೆದು ಹೊಟ್ಟೆ ಹೊರೆಯುತ್ತವೆ. ಆ ಶಕ್ತಿ ಯಾವ ಜೀನುಗಳಲ್ಲಿದೆ, ಅವು ಕೋಶದಲ್ಲಿ ಎಲ್ಲಿ ಕೂತಿವೆ, ಯಾವಾಗ ಎಚ್ಚರಗೊಳ್ಳುತ್ತವೆ, ಒಂದು ಜೀವಿಯಿಂದ ಇನ್ನೊಂದಕ್ಕೆ ಹೇಗೆ ದಾಟುತ್ತವೆ ಎಂಬುದನ್ನು ಈ ಲೇಖನ ಸಮೀಕ್ಷಿಸುತ್ತದೆ. ಈ ವಿದ್ಯೆಯ ಒಂದು ಗಟ್ಟಿ ಕವಲು ಬೆಂಗಳೂರು, ಕಲಬುರಗಿ, ಧಾರವಾಡಗಳ ಪ್ರಯೋಗಾಲಯಗಳಲ್ಲಿ ಬೆಳೆದದ್ದು. ವಿಷಯವನ್ನು ನೆಲಕ್ಕೆ ತಾಗಿಸಲು ಬಾಗಲಕೋಟೆ ಜಿಲ್ಲೆಯ ಉದಾಹರಣೆಗಳನ್ನು ಇಲ್ಲಿ ಬಳಸಿಕೊಂಡಿದೆ.

ಟ್ರಂಕು, ಒಲೆ, ಹೆದ್ದಾರಿ

ಪಿಎಎಚ್ ಕುಟುಂಬದ ಅತಿ ಚಿಕ್ಕ ಸದಸ್ಯ ನ್ಯಾಫ್ತಲೀನ್. ಅದರಲ್ಲಿರುವುದು ಎರಡೇ ಉಂಗುರ. ಇಳಕಲ್ಲ ಸೀರೆ ಮಡಿಚಿಟ್ಟ ಟ್ರಂಕಿನ ಮುಚ್ಚಳ ಎತ್ತಿದೊಡನೆ ಮೂಗಿಗೆ ಬಡಿಯುವ ನುಸಿಗುಳಿಗೆಯ ಘಾಟು ಅದರದೇ. ಹೀಗಾಗಿ ಹುನಗುಂದ, ಇಳಕಲ್ಲ ಸೀಮೆಯ ಮನೆಗಳಲ್ಲಿ ಪಿಎಎಚ್ ಅಪರಿಚಿತ ವಸ್ತುವಲ್ಲ, ಹೆಸರಷ್ಟೇ ಹೊಸದು. ಮೂರು ಉಂಗುರದ ಫಿನಾಂತ್ರೀನ್ ಮತ್ತು ಆಂತ್ರಸೀನ್, ನಾಲ್ಕು ಉಂಗುರದ ಪೈರೀನ್ ಮತ್ತು ಕ್ರೈಸೀನ್, ಐದು ಉಂಗುರದ ಬೆಂಜೊ(ಎ)ಪೈರೀನ್ ಇದರ ಅಣ್ಣಂದಿರು. ಹತ್ತಿಕಟ್ಟಿಗೆ, ಕುಳ್ಳು ಉರಿಸುವ ಒಲೆಯ ಮೇಲಿನ ಮಸಿಯಲ್ಲಿ ಇವೆಲ್ಲ ಸಿಗುತ್ತವೆ. ಮುಧೋಳ, ಜಮಖಂಡಿ ಕಡೆ ಕಬ್ಬು ಕಡಿದ ಮೇಲೆ ಹೊಲದಲ್ಲೇ ರವದಿಗೆ ಬೆಂಕಿ ಇಡುತ್ತಾರೆ. ಆ ಹೊಗೆಯಲ್ಲೂ ಇವೆ. ಸೊಲ್ಲಾಪುರದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿ ಹುನಗುಂದ, ಇಳಕಲ್ಲಗಳನ್ನು ಹಾದುಹೋಗುತ್ತದೆ. ಆ ದಾರಿಯ ಡೀಸೆಲ್ ಹೊಗೆ, ಲಾರಿ ಗ್ಯಾರೇಜುಗಳ ಅಂಗಳದಲ್ಲಿ ಇಂಗಿದ ಸುಟ್ಟ ಆಯಿಲ್, ಇಳಕಲ್ಲಿನ ಗ್ರಾನೈಟ್ ಕ್ವಾರಿಗಳಲ್ಲಿ ಓಡುವ ಯಂತ್ರಗಳು ಇವೂ ಮೂಲಗಳೇ. ಇಂಜಿನ್ನಿಗೆ ಹಾಕಿದ ಎಣ್ಣೆ ಓಡಿದಷ್ಟೂ ಪಿಎಎಚ್ ಕೂಡಿಸಿಕೊಳ್ಳುತ್ತದೆ. ಆದ್ದರಿಂದ ಹೊಸ ಎಣ್ಣೆಗಿಂತ ತೆಗೆದು ಚೆಲ್ಲಿದ ಎಣ್ಣೆ ಹೆಚ್ಚು ಕೆಟ್ಟದ್ದು.

ಡಾಂಬರಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಕಲ್ಲಿದ್ದಲಿನಿಂದ ಇಳಿಸಿದ ಟಾರಿನಲ್ಲಿ ಪಿಎಎಚ್ ತುಂಬಿ ತುಳುಕುತ್ತದೆ. ಇಂದು ನಮ್ಮ ರಸ್ತೆಗೆ ಹಾಕುವುದು ಕಚ್ಚಾತೈಲದ ತಳದಲ್ಲಿ ಉಳಿಯುವ ಬಿಟುಮೆನ್, ಅದರಲ್ಲಿ ಇವುಗಳ ಪ್ರಮಾಣ ಬಹಳ ಕಡಿಮೆ. ಎರಡಕ್ಕೂ ನಾವು ಡಾಂಬರು ಎಂಬ ಒಂದೇ ಹೆಸರು ಇಟ್ಟಿದ್ದರಿಂದ ಗೊಂದಲವಾಗಿದೆ.

ಇವುಗಳ ಕೇಡು ಹಳೆಯ ಸುದ್ದಿ. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಚಿಮಣಿ ಗುಡಿಸುವ ಹುಡುಗರಿಗೆ ಮುಂದೆ ಬರುವ ವೃಷಣಚೀಲದ ಕ್ಯಾನ್ಸರಿಗೆ ಮಸಿಯೇ ಕಾರಣ ಎಂದು ಬರೆದ. 1915ರಲ್ಲಿ ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಮೊಲದ ಕಿವಿಗೆ ಮೇಲಿಂದ ಮೇಲೆ ಟಾರು ಸವರಿ ಗೆಡ್ಡೆ ಬರಿಸಿದರು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬೆಂಜೊ(ಎ)ಪೈರೀನನ್ನು ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್ ತರುವ ಮೊದಲ ಗುಂಪಿನಲ್ಲಿ ಇಟ್ಟಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಗಮನಿಸಲೇಬೇಕಾದ 16 ಪಿಎಎಚ್‌ಗಳ ಪಟ್ಟಿ ಮಾಡಿದ್ದು, ಹೆಚ್ಚಿನ ಅಧ್ಯಯನಗಳು ಅದನ್ನೇ ಅನುಸರಿಸುತ್ತವೆ.

ಕಷ್ಟದ ತುತ್ತು

ಬೆಂಜೀನ್ ಉಂಗುರದ ಎಲೆಕ್ಟ್ರಾನುಗಳು ಯಾವೊಂದು ಬಂಧಕ್ಕೂ ಕಟ್ಟುಬೀಳದೆ ಇಡೀ ಉಂಗುರದಲ್ಲಿ ಹರಡಿಕೊಂಡಿರುತ್ತವೆ. ಅಣುವಿಗೆ ಅಸಾಧ್ಯ ಸ್ಥಿರತೆ ಬರುವುದು ಅದರಿಂದ. ಅಲ್ಲದೆ ಇವು ನೀರಿಗೆ ಕೂಡುವುದಿಲ್ಲ. ಒಂದು ಲೀಟರ್ ನೀರಿನಲ್ಲಿ ನ್ಯಾಫ್ತಲೀನ್ ಸುಮಾರು 30 ಮಿಲಿಗ್ರಾಂ ಕರಗಿದರೆ ಫಿನಾಂತ್ರೀನ್ ಕರಗುವುದು 1 ಮಿಲಿಗ್ರಾಂ ಸುತ್ತ. ಪೈರೀನ್ ಅದರ ಹತ್ತನೇ ಒಂದು ಪಾಲು, ಬೆಂಜೊ(ಎ)ಪೈರೀನ್ ಕೆಲವೇ ಮೈಕ್ರೊಗ್ರಾಂ. ಬ್ಯಾಕ್ಟೀರಿಯಕ್ಕೆ ಬಾಯಿಲ್ಲ, ನೀರಿನಲ್ಲಿ ಕರಗಿ ಬಂದದ್ದಷ್ಟೇ ಅದರ ಊಟ. ಮಣ್ಣಿನ ಸಾವಯವ ಕಣಗಳಿಗೆ, ಮಸಿಗೆ ಅಂಟಿ ಕೂತ ಪಿಎಎಚ್ ಅದಕ್ಕೆ ಕಣ್ಣೆದುರಿದ್ದೂ ಎಟುಕದ ಬುತ್ತಿ.

ಆಮ್ಲಜನಕ ಇರುವಲ್ಲಿ ಬ್ಯಾಕ್ಟೀರಿಯಗಳು ಈ ಗಟ್ಟಿ ಉಂಗುರವನ್ನು ನೇರವಾಗಿ ಸೀಳಲು ಹೋಗುವುದಿಲ್ಲ. ಗಾಳಿಯ ಆಮ್ಲಜನಕದ ಎರಡೂ ಪರಮಾಣುಗಳನ್ನು ಮೊದಲು ಉಂಗುರದ ಅಕ್ಕಪಕ್ಕದ ಎರಡು ಇಂಗಾಲಗಳಿಗೆ ಅಂಟಿಸುತ್ತವೆ. ಅಷ್ಟಾದರೆ ಉಂಗುರದ ಬಿಗಿ ಸಡಿಲುತ್ತದೆ. ಈ ಮೊದಲ ಪೆಟ್ಟು ಕೊಡುವ ಕಿಣ್ವಕ್ಕೆ ಡೈಆಕ್ಸಿಜನೇಸ್ ಎಂದು ಹೆಸರು. ಪಿಎಎಚ್ ತಳಿವಿಜ್ಞಾನದ ಅರ್ಧಭಾಗ ಈ ಒಂದು ಕಿಣ್ವದ ಸುತ್ತ ತಿರುಗುತ್ತದೆ ಎಂದರೂ ಸಲ್ಲುತ್ತದೆ.

ನಾಹ್ ಜೀನುಗಳು

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡನ್ ಮತ್ತು ಗುನ್ಸಾಲಸ್ 1973ರಲ್ಲಿ ಒಂದು ವಿಷಯ ಕಂಡುಕೊಂಡರು. ಸೂಡೊಮೊನಾಸ್ ಪುಟಿಡ ಎಂಬ ಮಣ್ಣಿನ ಬ್ಯಾಕ್ಟೀರಿಯದಲ್ಲಿ ನ್ಯಾಫ್ತಲೀನ್ ಒಡೆಯುವ ಶಕ್ತಿ ವರ್ಣತಂತುವಿನಲ್ಲಿರಲಿಲ್ಲ. ಅದು ಪಕ್ಕದ ಕೋಶಕ್ಕೆ ದಾಟಬಲ್ಲ ಪ್ಲಾಸ್ಮಿಡ್ ಎಂಬ ಪ್ರತ್ಯೇಕ ಡಿಎನ್ಎ ಬಳೆಯಲ್ಲಿತ್ತು. ನಾಹ್-7 ಎಂಬ ಹೆಸರಿನ ಈ ಪ್ಲಾಸ್ಮಿಡ್ಡಿನ ಉದ್ದ ಸುಮಾರು 82 ಸಾವಿರ ಬೇಸ್ ಜೋಡಿ. ಬ್ರಿಟನ್ನಿನ ಸಂಗ್ರಹದ ಇನ್ನೊಂದು ತಳಿಯಲ್ಲಿರುವ ಪಿಡಿಟಿಜಿ-1 ಎಂಬುದು ಅದರ ಹತ್ತಿರದ ನೆಂಟ, 83 ಸಾವಿರ ಬೇಸ್ ಜೋಡಿಯದು. ಜಗತ್ತಿನ ಬೇರೆಲ್ಲ ಪಿಎಎಚ್ ಜೀನುಗಳನ್ನು ಇಂದಿಗೂ ಈ ನಾಹ್ ಜೀನುಗಳ ಪಕ್ಕದಲ್ಲಿಟ್ಟೇ ಓದುತ್ತಾರೆ.

1982ರಲ್ಲಿ ಯೆನ್ ಮತ್ತು ಗುನ್ಸಾಲಸ್ ಈ ಜೀನುಗಳು ಎರಡು ಒಪೆರಾನ್‌ಗಳಾಗಿ ನಿಂತಿವೆ ಎಂದು ತೋರಿಸಿದರು. ಒಪೆರಾನ್ ಎಂದರೆ ಒಂದೇ ಗುಂಡಿ ಒತ್ತಿದರೆ ಒಟ್ಟಿಗೆ ಚಾಲೂ ಆಗುವ ಜೀನುಗಳ ಸಾಲು. ಮೇಲಿನ ಒಪೆರಾನ್ ನ್ಯಾಫ್ತಲೀನನ್ನು ಸ್ಯಾಲಿಸಿಲೇಟ್ ಆಗುವವರೆಗೆ ಇಳಿಸುತ್ತದೆ. ಕೆಳಗಿನದು ಸ್ಯಾಲಿಸಿಲೇಟನ್ನು ಕ್ಯಾಟೆಕಾಲ್ ಮಾಡಿ, ಉಳಿದ ಉಂಗುರವನ್ನೂ ಸೀಳಿ, ಕೋಶದ ಮಾಮೂಲಿ ಅಡುಗೆಮನೆಗೆ ಬೇಕಾದ ಪೈರುವೇಟ್ ಮತ್ತು ಅಸಿಟೈಲ್ ಚೂರುಗಳಾಗಿ ಕೊಡುತ್ತದೆ.

ಇಳಕಲ್ಲ ಸೀರೆ ನೇಯುವುದನ್ನು ನೋಡಿದವರಿಗೆ ಈ ರಚನೆ ಸುಲಭವಾಗಿ ಹಿಡಿಸುತ್ತದೆ. ಅಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಸಂಪ್ರದಾಯದಂತೆ ಒಡಲಿಗೆ ಹತ್ತಿ, ಸೆರಗಿಗೆ ರೇಷ್ಮೆ. ಎರಡನ್ನೂ ಪ್ರತ್ಯೇಕವಾಗಿ ಸಿದ್ಧಮಾಡಿ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ನಾಹ್ ಜೀನುಗಳ ಎರಡು ಸಾಲುಗಳೂ ಹೀಗೆಯೇ, ನಡುವಿನ ಕೊಂಡಿ ಸ್ಯಾಲಿಸಿಲೇಟ್. ಹೋಲಿಕೆ ಬರೀ ಅಂದಕ್ಕೆ ಹೇಳಿದ್ದಲ್ಲ. ಸ್ಯಾಲಿಸಿಲೇಟ್ ಗಿಡಗಳು ತಾವೇ ತಯಾರಿಸುವ ವಸ್ತು, ಆಸ್ಪಿರಿನ್ ಗುಳಿಗೆಯ ಮೂಲವೂ ಅದೇ. ಬೇರುಗಳ ಸುತ್ತ ಬದುಕುವ ಬ್ಯಾಕ್ಟೀರಿಯಗಳಿಗೆ ಅದನ್ನು ತಿನ್ನುವುದು ಹಳೆಯ ಅಭ್ಯಾಸ. ಸ್ಯಾಲಿಸಿಲೇಟನ್ನಷ್ಟೇ ಒಡೆಯುವ, ಮೇಲಿನ ಸಾಲೇ ಇಲ್ಲದ ಪ್ಲಾಸ್ಮಿಡ್ಡುಗಳೂ ಇವೆ. ಸಿದ್ಧವಿದ್ದ ಒಡಲಿಗೆ ನ್ಯಾಫ್ತಲೀನಿನ ಸೆರಗು ಆಮೇಲೆ ಕೂಡಿಕೊಂಡಿತು ಎಂದು ಓದುವುದೇ ಹೆಚ್ಚು ಸರಿ ಎಂದು ಈ ಲೇಖಕನ ಅಭಿಪ್ರಾಯ.

ಮೇಲಿನ ಸಾಲಿನ ಕೆಲಸದ ಕ್ರಮ ಹೀಗಿದೆ. ನಾಹ್-ಎ ಎಂಬ ಡೈಆಕ್ಸಿಜನೇಸ್ ಆಮ್ಲಜನಕ ಸೇರಿಸಿ ಡೈಹೈಡ್ರೊಡಯಾಲ್ ಮಾಡುತ್ತದೆ. ನಾಹ್-ಬಿ ಅದರಿಂದ ಎರಡು ಜಲಜನಕ ಕಿತ್ತುಕೊಳ್ಳುತ್ತದೆ. ನಾಹ್-ಸಿ ಮೊದಲ ಉಂಗುರವನ್ನು ಸೀಳುತ್ತದೆ. ನಾಹ್-ಡಿ ಸೀಳಿದ ಅಣುವಿನ ಆಕಾರ ತಿರುಗಿಸುತ್ತದೆ. ನಾಹ್-ಇ ಅದರಿಂದ ಪೈರುವೇಟ್ ತುಂಡು ಕತ್ತರಿಸಿ ಸ್ಯಾಲಿಸಿಲಾಲ್ಡಿಹೈಡ್ ಬಿಡುತ್ತದೆ. ಕೊನೆಗೆ ನಾಹ್-ಎಫ್ ಅದನ್ನು ಸ್ಯಾಲಿಸಿಲೇಟ್ ಮಾಡುತ್ತದೆ. ಕೆಲಸ ಹೀಗೆ ವರ್ಣಮಾಲೆಯಂತೆ ನಡೆದರೂ ಡಿಎನ್ಎ ಮೇಲೆ ಜೀನುಗಳು ಎ, ಬಿ, ಎಫ್, ಸಿ, ಇ, ಡಿ ಎಂದು ಕೂತಿವೆ. ಯೋಜನೆ ಹಾಕಿ ಒಬ್ಬರೇ ಕಟ್ಟಿದ್ದರೆ ಇಂಥ ಅಡ್ಡಾದಿಡ್ಡಿ ಇರುತ್ತಿರಲಿಲ್ಲ.

ಗುಂಡಿ ಒತ್ತುವವರು ಯಾರು? ನಾಹ್-ಆರ್ ಎಂಬ ಪ್ರೋಟೀನು ಎರಡೂ ಒಪೆರಾನ್‌ಗಳ ಬಾಗಿಲಲ್ಲಿ ಕಾವಲು ಕೂತಿರುತ್ತದೆ. ವಿಚಿತ್ರವೆಂದರೆ ಅದು ನ್ಯಾಫ್ತಲೀನನ್ನು ಗುರುತಿಸುವುದೇ ಇಲ್ಲ, ಅದಕ್ಕೆ ಗೊತ್ತಿರುವುದು ಸ್ಯಾಲಿಸಿಲೇಟ್ ಮಾತ್ರ. ಯಾವಾಗಲೂ ಸಣ್ಣಗೆ ಸೋರುತ್ತಿರುವ ಕಿಣ್ವಗಳು ಒಂದಿಷ್ಟು ನ್ಯಾಫ್ತಲೀನನ್ನು ಮುರಿದು ಸ್ಯಾಲಿಸಿಲೇಟ್ ಮಾಡಿದ ಮೇಲೆಯೇ ನಾಹ್-ಆರ್ ಎಚ್ಚೆತ್ತು ಎರಡೂ ಸಾಲುಗಳನ್ನು ಜೋರು ಮಾಡುತ್ತದೆ. ಕೊಂಡಿಯೇ ಕೀಲಿಕೈಯೂ ಆಗಿದೆ. ನಾಹ್-7ರಲ್ಲಿ ನಾಹ್-ವೈ ಎಂಬ ಇನ್ನೊಂದು ಜೀನಿದ್ದು, ಅದು ಬ್ಯಾಕ್ಟೀರಿಯವನ್ನು ನ್ಯಾಫ್ತಲೀನ್ ಇರುವ ಕಡೆಗೆ ಈಜಿಸುತ್ತದೆ. ನುಸಿಯನ್ನು ಓಡಿಸುವ ವಾಸನೆಯೇ ಇದನ್ನು ಕರೆಯುತ್ತದೆ.

ಎಲ್ಲ ಬ್ಯಾಕ್ಟೀರಿಯಗಳೂ ಸ್ಯಾಲಿಸಿಲೇಟಿನಿಂದ ಕ್ಯಾಟೆಕಾಲ್ ಕಡೆಗೇ ಹೋಗುವುದಿಲ್ಲ. ರಾಲ್‌ಸ್ಟೋನಿಯ ಯು-2, ಪೊಲರೊಮೊನಾಸ್ ನ್ಯಾಫ್ತಲಿನಿವೊರನ್ಸ್ ತಳಿಗಳಲ್ಲಿ ನ್ಯಾಗ್ ಎಂಬ ಜೀನುಗುಂಪು ಅದನ್ನು ಜೆಂಟಿಸೇಟ್ ಮಾಡಿ ಬೇರೆ ದಾರಿ ಹಿಡಿಯುತ್ತದೆ. ಅವುಗಳ ಮೇಲಿನ ಸಾಲು ನಾಹ್ ಜೀನುಗಳನ್ನೇ ಹೋಲುತ್ತದೆ. ಒಂದೇ ಬಗೆಯ ಸೆರಗಿಗೆ ಇಲ್ಲಿ ಬೇರೊಂದು ಒಡಲು.

ನೀಲಿಯ ಪ್ರಸಂಗ

1983ರಲ್ಲಿ ಎನ್ಸ್ಲಿ, ಗಿಬ್ಸನ್ ಮತ್ತು ಸಂಗಡಿಗರು ನಾಹ್-7ರ ನ್ಯಾಫ್ತಲೀನ್ ಜೀನುಗಳನ್ನು ನಮ್ಮ ಕರುಳಿನಲ್ಲೂ ಇರುವ ಇ. ಕೋಲೈ ಬ್ಯಾಕ್ಟೀರಿಯಕ್ಕೆ ಸೇರಿಸಿದರು. ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯ ನೀಲಿಯಾಯಿತು. ಪರೀಕ್ಷಿಸಿ ನೋಡಿದರೆ ಅದು ಅಪ್ಪಟ ಇಂಡಿಗೊ, ಬಣ್ಣಗಾರರು ಶತಮಾನಗಳಿಂದ ನೀಲಿ ಗಿಡದಿಂದ ತೆಗೆಯುತ್ತಿದ್ದ ಅದೇ ಬಣ್ಣ.

ಕಾರಣ ಹೀಗಿದೆ. ಇ. ಕೋಲೈ ತನ್ನ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲವನ್ನು ಮುರಿದು ಇಂಡೋಲ್ ಹೊರಬಿಡುತ್ತದೆ. ಇಂಡೋಲ್ ಸಹ ಎರಡು ಉಂಗುರದ ಅಣು, ಮೇಲ್ನೋಟಕ್ಕೆ ನ್ಯಾಫ್ತಲೀನಿನ ತಮ್ಮನಂತಿದೆ. ಡೈಆಕ್ಸಿಜನೇಸ್ ಮೋಸಹೋಗಿ ಅದಕ್ಕೂ ಆಮ್ಲಜನಕ ಅಂಟಿಸುತ್ತದೆ. ಹುಟ್ಟಿದ ವಸ್ತು ನೀರು ಕಳೆದುಕೊಂಡು ಇಂಡಾಕ್ಸಿಲ್ ಆಗುತ್ತದೆ, ಇಂಡಾಕ್ಸಿಲ್ ಗಾಳಿ ಸೋಕಿ ಜೋಡಿ ಜೋಡಿಯಾಗಿ ಕೂಡಿ ನೀಲಿಯಾಗುತ್ತದೆ. ನೀಲಿ ಗಿಡದ ಎಲೆ ಕೊಳೆಸಿದ ತೊಟ್ಟಿಯಲ್ಲಿ ಆಗುವ ಕೊನೆಯ ಹೆಜ್ಜೆಯೂ ಇದೇ, ಅಲ್ಲಿಯೂ ಇಂಡಾಕ್ಸಿಲ್ಲೇ ಗಾಳಿಗೆ ನೀಲಿಯಾಗುವುದು. ತೊಟ್ಟಿಯಿಂದ ಎತ್ತಿದ ನೂಲು ಕಣ್ಣೆದುರೇ ಹಸಿರುಹಳದಿಯಿಂದ ನೀಲಿಗೆ ತಿರುಗುವುದನ್ನು ಕಂಡ ಬಣ್ಣಗಾರರಿಗೆ ಈ ರಸಾಯನ ಕೈಯಲ್ಲೇ ಗೊತ್ತಿತ್ತು. ಟ್ರಂಕಿನ ಗುಳಿಗೆ, ಸೀರೆಯ ನೀಲಿ ಇವೆರಡಕ್ಕೂ ಒಂದೇ ಕಿಣ್ವ ಸಂಬಂಧ ಕಲ್ಪಿಸಿತು. ಬ್ಯಾಕ್ಟೀರಿಯದಿಂದ ಇಂಡಿಗೊ ತಯಾರಿಸಿ ಮಾರುವ ಪ್ರಯತ್ನಗಳು ಆಮೇಲೆ ನಡೆದವು, ಅಗ್ಗದ ರಾಸಾಯನಿಕ ಇಂಡಿಗೊವನ್ನು ಅವು ಸೋಲಿಸಲಿಲ್ಲ. ಪ್ರಯೋಗಾಲಯಕ್ಕೆ ಮಾತ್ರ ಒಂದು ಸುಲಭ ಪರೀಕ್ಷೆ ದಕ್ಕಿತು. ಇಂಡೋಲ್ ಹವೆ ತಾಗಿಸಿದಾಗ ನೀಲಿಯಾಗುವ ಬ್ಯಾಕ್ಟೀರಿಯ ಇಂಥ ಡೈಆಕ್ಸಿಜನೇಸ್ ಹೊಂದಿರುವ ಸಂಭವ ಹೆಚ್ಚು. ಹಾಗೆಯೇ ಕ್ಯಾಟೆಕಾಲ್ ಸಿಂಪಡಿಸಿದಾಗ ಕ್ಷಣದಲ್ಲಿ ಹಳದಿಯಾದರೆ ಕೆಳಗಿನ ಸಾಲಿನ ಉಂಗುರ ಸೀಳುವ ಕಿಣ್ವ ನಾಹ್-ಎಚ್ ಅಥವಾ ಅದರ ಬಂಧು ಇದೆ ಎಂದು ತಿಳಿಯುತ್ತಾರೆ.

ಈ ಡೈಆಕ್ಸಿಜನೇಸಿನ ಮೂರು ಆಯಾಮದ ರಚನೆ 1998ರಲ್ಲಿ ಪ್ರಕಟವಾಯಿತು. ಸ್ವೀಡನ್ನಿನ ಉಪ್ಸಾಲದಲ್ಲಿ ನಡೆದ ಆ ಕೆಲಸದ ಮುಂಚೂಣಿಯಲ್ಲಿದ್ದ ಎಸ್. ರಾಮಸ್ವಾಮಿ ಮುಂದೆ ಬೆಂಗಳೂರಿಗೆ ಬಂದು ಸಿ-ಕ್ಯಾಂಪ್ ಸಂಸ್ಥೆಯನ್ನು ಮುನ್ನಡೆಸಿದರು. ಮೂರು ದೊಡ್ಡ, ಮೂರು ಚಿಕ್ಕ ಸರಪಳಿಗಳು ಕೂಡಿದ ಕಿಣ್ವ ಅದು. ಪ್ರತಿ ದೊಡ್ಡ ಸರಪಳಿಯಲ್ಲಿ ಒಂದು ಕಬ್ಬಿಣ-ಗಂಧಕದ ಗುಚ್ಛವೂ ಒಂಟಿ ಕಬ್ಬಿಣದ ಪರಮಾಣುವೂ ಇವೆ. ಗುಚ್ಛ ಎಲೆಕ್ಟ್ರಾನ್ ತಂದು ಕೊಡುತ್ತದೆ, ಒಂಟಿ ಕಬ್ಬಿಣ ಆಮ್ಲಜನಕ ಹಿಡಿಯುತ್ತದೆ. ಆಮ್ಲಜನಕ ಆ ಕಬ್ಬಿಣಕ್ಕೆ ತುದಿಯಿಂದ ತಾಗದೆ ಮಗ್ಗುಲಾಗಿ ಒರಗಿ ಕೂರುತ್ತದೆ ಎಂಬುದನ್ನು ಅದೇ ಗುಂಪು 2003ರಲ್ಲಿ ತೋರಿಸಿತು. ಎರಡೂ ಪರಮಾಣುಗಳು ಉಂಗುರದ ಒಂದೇ ಮಗ್ಗುಲಿಗೆ ಬಂದು ಕೂರುವುದು ಏಕೆಂಬ ಹಳೆಯ ಪ್ರಶ್ನೆಗೆ ಅದು ಉತ್ತರವಾಯಿತು.

ಸಿಎಸ್‌ವಿ 86

ಕರ್ನಾಟಕದ ಮಟ್ಟಿಗೆ ಈ ವಿಷಯದ ಕೇಂದ್ರ ವ್ಯಕ್ತಿ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದ ಸಿ.ಎಸ್. ವೈದ್ಯನಾಥನ್. ಅವರ ಪ್ರಯೋಗಾಲಯದಲ್ಲಿ ಬೆಳೆದ ಒಂದು ಮಣ್ಣಿನ ಸೂಡೊಮೊನಾಸ್‌ಗೆ ಸಿಎಸ್‌ವಿ 86 ಎಂಬ ಹೆಸರು, ಅಕ್ಷರಗಳು ಅವರ ಹೆಸರಿನವೇ. 1994ರಲ್ಲಿ ಮಹಾಜನ್, ಫಾಳೆ, ವೈದ್ಯನಾಥನ್ ಈ ತಳಿ ಮೀಥೈಲ್ ನ್ಯಾಫ್ತಲೀನುಗಳನ್ನು ಹಲವು ದಾರಿಗಳಲ್ಲಿ ಒಡೆಯುತ್ತದೆ ಎಂದು ಬರೆದರು. ಆ ಗುಂಪಿನ ಪ್ರಶಾಂತ್ ಫಾಳೆ ಮುಂದೆ ಮುಂಬಯಿಯ ಐಐಟಿಯಲ್ಲಿ ಇದೇ ಬ್ಯಾಕ್ಟೀರಿಯದ ಮೇಲೆ ದಶಕಗಳ ಕಾಲ ಕೆಲಸ ಮಾಡಿದರು. ಒಂದೇ ತಳಿಯನ್ನು ಇಷ್ಟು ದೀರ್ಘಕಾಲ ಬೆನ್ನುಹತ್ತಿದ ಉದಾಹರಣೆ ನಮ್ಮಲ್ಲಿ ಅಪರೂಪ, ಅದರ ಫಲವೂ ದೊಡ್ಡದು.

ಸಿಎಸ್‌ವಿ 86ರ ಮೊದಲ ವಿಶೇಷ ಅದರ ನಾಲಿಗೆ. ಗ್ಲೂಕೋಸು, ನ್ಯಾಫ್ತಲೀನು ಎರಡನ್ನೂ ಒಟ್ಟಿಗೆ ಬಡಿಸಿದರೆ ಸಾಮಾನ್ಯ ಬ್ಯಾಕ್ಟೀರಿಯ ಸಕ್ಕರೆಯನ್ನು ಮೊದಲು ಮುಗಿಸುತ್ತದೆ, ಕಷ್ಟದ ತುತ್ತನ್ನು ಆಮೇಲಕ್ಕೆ ಇಡುತ್ತದೆ. ಇದು ತಿರುಗಾಮುರುಗ. ಆರೊಮ್ಯಾಟಿಕ್ ವಸ್ತು ಮುಗಿಯುವವರೆಗೆ ಇದು ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲನ್ನೇ ಅರ್ಧ ಮುಚ್ಚಿರುತ್ತದೆ. 2006ರಲ್ಲಿ ಪ್ರಕಟವಾದ ಈ ಸಂಗತಿಗೆ ಹೊಲದ ಮಟ್ಟದಲ್ಲಿ ಬೆಲೆ ಇದೆ. ಮಣ್ಣಿನಲ್ಲಿ ಬೇರಿನ ರಸ, ಕೊಳೆತ ಎಲೆ, ಸಗಣಿಗೊಬ್ಬರ ಯಾವಾಗಲೂ ಇರುತ್ತವೆ. ಸುಲಭದ ಊಟ ಸಿಕ್ಕರೆ ಕೆಲಸ ಬಿಡುವ ಬ್ಯಾಕ್ಟೀರಿಯ ಅಲ್ಲಿ ಉಪಯೋಗಕ್ಕೆ ಬಾರದು.

ಎರಡನೆಯ ವಿಶೇಷ ಅದರ ಜೀನುಗಳ ವಿಳಾಸ. ಸಿಎಸ್‌ವಿ 86ರಲ್ಲಿ ಪ್ಲಾಸ್ಮಿಡ್ಡೇ ಇಲ್ಲ. ಆದರೂ 2008ರಲ್ಲಿ ಬಸು ಮತ್ತು ಫಾಳೆ ಅದರ ನ್ಯಾಫ್ತಲೀನ್ ಒಡೆಯುವ ಶಕ್ತಿ ಇನ್ನೊಂದು ಬ್ಯಾಕ್ಟೀರಿಯಕ್ಕೆ ದಾಟುತ್ತದೆ ಎಂದು ತೋರಿಸಿದ್ದರು. ಪ್ಲಾಸ್ಮಿಡ್ ಇಲ್ಲದೆ ದಾಟಿದ್ದು ಹೇಗೆ? 2013ರಲ್ಲಿ ಅದರ ಜೀನೋಮ್ ಪ್ರಕಟವಾಯಿತು. ಸುಮಾರು 64 ಲಕ್ಷ ಬೇಸ್ ಜೋಡಿಯ ಆ ಜೀನೋಮಿನ ಓದು ಮುಂದುವರಿದಂತೆ ಉತ್ತರ ಬಿಡಿಸಿಕೊಂಡಿತು. ನಾಹ್ ಜೀನುಗಳು ಮತ್ತು ಸ್ಯಾಲಿಸಿಲೇಟ್ ಒಡೆಯುವ ಸಾಲ್ ಜೀನುಗಳು ವರ್ಣತಂತುವಿನೊಳಗೇ, ಸುಮಾರು 1,06,000 ಬೇಸ್ ಜೋಡಿ ಉದ್ದದ ಒಂದು ಅಲೆಮಾರಿ ತುಂಡಿನಲ್ಲಿವೆ. ಇಂಥವನ್ನು ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಐಸ್ (ICE) ಎನ್ನುತ್ತಾರೆ. ವರ್ಣತಂತುವಿನಲ್ಲಿ ಒಂದು ಟಿಆರ್ಎನ್ಎ ಜೀನಿನ ಮಗ್ಗುಲಲ್ಲಿ ಬೀಡುಬಿಟ್ಟು, ಅವಕಾಶ ಬಂದಾಗ ಬಿಚ್ಚಿಕೊಂಡು ಬಳೆಯಾಗಿ, ಪಕ್ಕದ ಕೋಶಕ್ಕೆ ಸೇತುವೆ ಹಾಕಿ ದಾಟಿ, ಅಲ್ಲಿ ಮತ್ತೆ ಹೊಲಿದುಕೊಳ್ಳುವ ಡಿಎನ್ಎ ಅದು. ಈ ತುಂಡು ಸಿಎಸ್‌ವಿ 89 ಎಂಬ ಸ್ಟೆನೊಟ್ರೊಫೊಮೊನಾಸ್ ತಳಿಗೆ ದಾಟುವ ಪ್ರಮಾಣ, ಕೊಡುವ ಕೋಶಗಳ ಲೆಕ್ಕದಲ್ಲಿ, ಹತ್ತು ಕೋಟಿಗೆ ಸುಮಾರು 7. ಸಂಖ್ಯೆ ಚಿಕ್ಕದೆನಿಸಬಹುದು. ಆದರೆ ಚಿಟಿಕೆ ಮಣ್ಣಿನಲ್ಲೇ ಕೋಟಿಗಟ್ಟಲೆ ಬ್ಯಾಕ್ಟೀರಿಯ ಇರುವಾಗ ಅದು ಚಿಕ್ಕದಲ್ಲ. ಪ್ಲಾಸ್ಮಿಡ್ಡಿಗಿಂತ ಈ ವ್ಯವಸ್ಥೆಗೆ ಒಂದು ಲಾಭವೂ ಇದೆ. ನ್ಯಾಫ್ತಲೀನ್ ಇಲ್ಲದ ದಿನಗಳಲ್ಲೂ ಜೀನು ಕಳೆದುಹೋಗದು, ವರ್ಣತಂತುವಿನ ಜೊತೆಗೇ ಪೀಳಿಗೆಯಿಂದ ಪೀಳಿಗೆಗೆ ಬರುತ್ತದೆ. ಬೇರೆ ಹಲವು ಸೂಡೊಮೊನಾಸ್‌ಗಳ ಜೀನೋಮುಗಳನ್ನು ಹೋಲಿಸಿದಾಗ ಇದೇ ಮಾದರಿಯ ತುಂಡುಗಳು ಕಂಡವು ಎಂದು 2022ರ ವರದಿ ಹೇಳುತ್ತದೆ. ಪುಟಿಡ ಎಂದುಕೊಂಡಿದ್ದ ಈ ತಳಿಯೇ ಒಂದು ಹೊಸ ಪ್ರಭೇದವೆಂದು ತೀರ್ಮಾನವಾಗಿ ಸೂಡೊಮೊನಾಸ್ ಭಾರತಿಕ ಎಂಬ ಹೆಸರು ಪಡೆಯಿತು.

ಕಲಬುರಗಿ, ಧಾರವಾಡ

ಗುಲ್ಬರ್ಗ ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗದಲ್ಲಿ ಟಿ.ಬಿ. ಕರೇಗೌಡರ ಅವರ ಗುಂಪು 1995ರಲ್ಲಿ ಸೂಡೊಮೊನಾಸ್ ಎನ್‌ಜಿಕೆ-1 ಎಂಬ ನ್ಯಾಫ್ತಲೀನ್ ಒಡೆಯುವ ತಳಿಯನ್ನು ವರದಿ ಮಾಡಿತು. 2001ರಲ್ಲಿ ಅದನ್ನು ಪಾಲಿಯುರಿಥೇನ್ ಸ್ಪಂಜಿನ ಚೂರುಗಳಲ್ಲಿ ನೆಲೆಗೊಳಿಸಿದಾಗ ತೇಲಾಡುವ ಕೋಶಗಳಿಗಿಂತ ಚೆನ್ನಾಗಿ ಕೆಲಸ ಮಾಡಿತು. ಇದೇ ಗುಂಪು 2009ರಲ್ಲಿ ಸ್ಟೆನೊಟ್ರೊಫೊಮೊನಾಸ್ ಆರ್‌ಎಂಎಸ್‌ಕೆ ತಳಿ ಅಸಿನ್ಯಾಫ್ತಿಲೀನನ್ನು ಒಡೆಯುವ ದಾರಿಯನ್ನು, 2011ರಲ್ಲಿ ಕಲ್ಲಿದ್ದಲಿನಿಂದ ಪ್ರತ್ಯೇಕಿಸಿದ ಸೂಡೊಜಾಂತೊಮೊನಾಸ್ ಪಿಎನ್‌ಕೆ-04 ನಾಲ್ಕು ಉಂಗುರದ ಕ್ರೈಸೀನನ್ನು ಒಡೆಯುವ ದಾರಿಯನ್ನು ಬಿಡಿಸಿತು. ನಾಲ್ಕು ಉಂಗುರದಿಂದ ಹೊರಟ ಆ ದಾರಿಯೂ ಹೈಡ್ರಾಕ್ಸಿನ್ಯಾಫ್ತೋಯಿಕ್ ಆಮ್ಲ ದಾಟಿ ಸ್ಯಾಲಿಸಿಲೇಟಿಗೆ, ಅಲ್ಲಿಂದ ಕ್ಯಾಟೆಕಾಲಿಗೆ ಇಳಿಯುತ್ತದೆ. ದೂರದಿಂದ ಬರುವ ದಾರಿಗಳೂ ಅದೇ ಕೊಂಡಿಗೆ ಬಂದು ಸೇರುತ್ತವೆ. ಈ ತಳಿ ಸೋಪಿನಂಥ ವಸ್ತುವನ್ನೂ ಸ್ರವಿಸುತ್ತದೆ, ಕರಗದ ಪಿಎಎಚ್ ಅದರಿಂದ ತುಸು ಕೈಗೆಟುಕುತ್ತದೆ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಚ್.ಜೆಡ್. ನಿನ್ನೇಕರ್ ಅವರ ಗುಂಪು 2000ದಲ್ಲಿ ಫಿನಾಂತ್ರೀನ್ ಒಡೆಯುವ ಬ್ಯಾಸಿಲಸ್ ತಳಿಯೊಂದನ್ನು ವಿವರಿಸಿತು. ಬ್ಯಾಸಿಲಸ್‌ಗಳು ಬರ ಬಂದಾಗ ಬೀಜಕವಾಗಿ ಮುದುಡಿ ಮಳೆಗಾಗಿ ಕಾಯಬಲ್ಲವು, ಒಣಸೀಮೆಗೆ ಒಗ್ಗುವ ಗುಣ ಅದು. ಉತ್ತರ ಕರ್ನಾಟಕದ ಈ ಎರಡು ಕೇಂದ್ರಗಳ ಬಲ ಇರುವುದು ರಾಸಾಯನಿಕ ದಾರಿಗಳ ಶೋಧದಲ್ಲಿ.

ದೊಡ್ಡ ಉಂಗುರಗಳು

ಉಂಗುರ ಹೆಚ್ಚಿದಂತೆ ನಾಹ್ ಜೀನುಗಳ ಅಚ್ಚುಕಟ್ಟು ಮರೆಯಾಗುತ್ತದೆ. ಬರ್ಕ್‌ಹೋಲ್ಡೇರಿಯ ಆರ್‌ಪಿ-007 ತಳಿಯಲ್ಲಿ ಫಿನಾಂತ್ರೀನ್ ಒಡೆಯುವ ಜೀನುಗಳಿಗೆ ನಾಹ್ ಜೀನುಗಳ ಜೊತೆ ಹೋಲಿಕೆ ಕಡಿಮೆ, ಜೋಡಣೆಯೂ ಬೇರೆ. ಸ್ಫಿಂಗೊಮೊನಾಡ್ ಗುಂಪಿನದು ಇನ್ನೊಂದು ರೀತಿ. ಅಮೆರಿಕದಲ್ಲಿ ನೆಲದಡಿ ನೂರಾರು ಮೀಟರ್ ಆಳದಿಂದ ತೆಗೆದ ನೊವೊಸ್ಫಿಂಗೊಬಿಯಂ ಆರೊಮ್ಯಾಟಿಸಿವೊರನ್ಸ್ ತಳಿಯ 184 ಸಾವಿರ ಬೇಸ್ ಜೋಡಿಯ ಪ್ಲಾಸ್ಮಿಡ್‌ನಲ್ಲಿ ಬೈಫಿನೈಲ್, ಜೈಲೀನ್, ನ್ಯಾಫ್ತಲೀನ್ ಒಡೆಯುವ ಜೀನುಗಳು ಒಂದರೊಳಗೊಂದು ಬೆರೆತಿವೆ. ಒಂದು ದಾರಿಯ ಜೀನುಗಳನ್ನು ಹೆಕ್ಕಬೇಕಾದರೆ ನಾಲ್ಕು ಕಡೆ ಹುಡುಕಬೇಕು.

ಪೈರೀನಿಗೆ ಬಂದರೆ ರಂಗ ಮೈಕೊಬ್ಯಾಕ್ಟೀರಿಯಗಳದು. 1988ರಲ್ಲಿ ಅಮೆರಿಕದ ಹೈಟ್‌ಕ್ಯಾಂಪ್ ಮತ್ತು ಸರ್ನಿಗ್ಲಿಯ ತೈಲ ಸೋಕಿದ ಕೆಸರಿನಿಂದ ತೆಗೆದ ಪಿವೈಆರ್-1 ತಳಿ ಮುಂದೆ ಮೈಕೊಬ್ಯಾಕ್ಟೀರಿಯಂ ವ್ಯಾನ್‌ಬಾಲೆನಿ ಎನಿಸಿತು. ಅದರ ನಿಡ್-ಎ, ನಿಡ್-ಬಿ ಜೀನುಗಳು ಪೈರೀನಿಗೆ ಮೊದಲ ಪೆಟ್ಟು ಕೊಡುವ ಡೈಆಕ್ಸಿಜನೇಸನ್ನು ತಯಾರಿಸುತ್ತವೆ. ಈ ಬ್ಯಾಕ್ಟೀರಿಯದ ಜೀನೋಮಿನಲ್ಲಿ ಇಂಥ ಉಂಗುರ ಸೀಳುವ ಸರಂಜಾಮು ಒಂದಲ್ಲ, ಹಲವು ಜೋಡಿ ಇವೆ. ಒಂದು ಕೈಕೊಟ್ಟರೆ ಇನ್ನೊಂದು ಕೆಲಸ ಹಿಡಿಯುತ್ತದೆ. ಕ್ಷಯರೋಗದ ಕುಲದ್ದೇ ಆದರೂ ಇವು ನಿರುಪದ್ರವಿ ಮಣ್ಣುವಾಸಿಗಳು. ಮೇಣದಂಥ ಕೋಶಗೋಡೆ ಇರುವುದರಿಂದ ನೀರೊಲ್ಲದ ಪಿಎಎಚ್‌ಗೆ ಅಂಟಿಕೊಳ್ಳುವುದು ಇವಕ್ಕೆ ಸಲೀಸು. ಐದು ಉಂಗುರದ ಬೆಂಜೊ(ಎ)ಪೈರೀನನ್ನೇ ನೆಚ್ಚಿ ಬದುಕುವ ಬ್ಯಾಕ್ಟೀರಿಯ ತೀರ ವಿರಳ. ಬೇರೊಂದನ್ನು ತಿನ್ನುವಾಗ ಕಿಣ್ವ ಕೈತಪ್ಪಿ ಅದನ್ನೂ ಮುರಿಯುವುದೇ ಹೆಚ್ಚು.

ಆಮ್ಲಜನಕವೇ ಇಲ್ಲದ ಕೆಸರಿನಲ್ಲಿ ಡೈಆಕ್ಸಿಜನೇಸ್ ಕೆಲಸಕ್ಕೆ ಬಾರದು. ಅಲ್ಲಿ 1999ರಲ್ಲಿ ವರದಿಯಾದ ನ್ಯಾಫ್-ಎಸ್-2ರಂಥ, ಸಲ್ಫೇಟನ್ನು ಉಸಿರಾಡುವ ಬ್ಯಾಕ್ಟೀರಿಯಗಳು ನ್ಯಾಫ್ತಲೀನಿಗೆ ಮೊದಲು ಇಂಗಾಲದ ಡೈಆಕ್ಸೈಡ್ ಅಂಟಿಸಿ, ಆಮೇಲೆ ಉಂಗುರಕ್ಕೆ ಎಲೆಕ್ಟ್ರಾನ್ ತುಂಬಿ ಸಡಿಲಿಸುತ್ತವೆ. ಆ ಜೀನುಗಳಿಗೂ ನಾಹ್ ಜೀನುಗಳಿಗೂ ನೆಂಟಸ್ತಿಕೆ ಇಲ್ಲ.

ತಟ್ಟೆಯಿಂದ ಹೊಲಕ್ಕೆ

ಈ ಜೀನುಗಳನ್ನು ಬೇಕಾದಂತೆ ಕೂಡಿಸಿ ಮಹಾಶಕ್ತ ಬ್ಯಾಕ್ಟೀರಿಯ ಮಾಡಬಹುದಲ್ಲ ಎಂಬ ಆಸೆ ಹಳೆಯದು. ಬಂಗಾಳದಲ್ಲಿ ಹುಟ್ಟಿದ ಆನಂದ ಚಕ್ರವರ್ತಿ ಗುನ್ಸಾಲಸ್ ಅವರ ಗರಡಿಯಲ್ಲಿ ಪಳಗಿದವರು. ಆಮೇಲೆ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದಾಗ ನ್ಯಾಫ್ತಲೀನ್, ಸ್ಯಾಲಿಸಿಲೇಟ್, ಕರ್ಪೂರ, ಆಕ್ಟೇನ್ ಒಡೆಯುವ ಪ್ಲಾಸ್ಮಿಡ್ಡುಗಳನ್ನು ಒಂದೇ ಸೂಡೊಮೊನಾಸ್‌ಗೆ ತುಂಬಿ 1972ರಲ್ಲಿ ಪೇಟೆಂಟ್ ಕೇಳಿದರು. ಜೀವಿಗೆ ಪೇಟೆಂಟ್ ಸಲ್ಲುತ್ತದೆಯೇ ಎಂಬ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 1980ರ ಜೂನ್ 16ರಂದು 5-4ರ ಬಹುಮತದಲ್ಲಿ ಅವರು ಗೆದ್ದರು. ಕಾನೂನಿನ ಚರಿತ್ರೆಯನ್ನೇ ತಿರುಗಿಸಿದ ಆ ಬ್ಯಾಕ್ಟೀರಿಯವನ್ನು ನಿಜವಾದ ಯಾವ ತೈಲ ಸೋರಿಕೆಯ ಮೇಲೂ ಬಿಡಲಿಲ್ಲ. ಪ್ಲಾಸ್ಮಿಡ್ಡುಗಳನ್ನು ಹೊರುವುದು ಕೋಶಕ್ಕೆ ಭಾರ, ಹೊರಗಿನ ಬ್ಯಾಕ್ಟೀರಿಯವನ್ನು ಸ್ಥಳೀಯರು ನಿಲ್ಲಗೊಡುವುದಿಲ್ಲ, ಮತ್ತು ಕುಲಾಂತರಿಯನ್ನು ಬಯಲಿಗೆ ಬಿಡಲು ಸರ್ಕಾರಗಳು ಹಿಂಜರಿಯುತ್ತವೆ. ಭಾರತದಲ್ಲಿ ಇದಕ್ಕೆ 1986ರ ಪರಿಸರ ಕಾಯ್ದೆಯಡಿ 1989ರಲ್ಲಿ ಮಾಡಿದ ನಿಯಮಗಳು ಅನ್ವಯಿಸುತ್ತವೆ. ನಮ್ಮ ತೈಲ ಶುದ್ಧೀಕರಣ ಘಟಕಗಳ ರಾಡಿಗೆ ಬಳಕೆಯಾದ ಟೆರಿ ಸಂಸ್ಥೆಯ ಆಯಿಲ್‌ಜ್ಯಾಪರ್ ಕುಲಾಂತರಿಯಲ್ಲ, ನಿಸರ್ಗದಿಂದಲೇ ಆರಿಸಿದ ಬ್ಯಾಕ್ಟೀರಿಯಗಳ ಕೂಟ.

ಐಸ್‌ನಂಥ ಅಲೆಮಾರಿ ತುಂಡುಗಳ ಮಹತ್ವ ಇಲ್ಲಿದೆ. ಬಿಟ್ಟ ಬ್ಯಾಕ್ಟೀರಿಯ ಸತ್ತರೂ, ಸಾಯುವ ಮುಂಚೆ ಜೀನನ್ನು ಊರಿನ ಬ್ಯಾಕ್ಟೀರಿಯಕ್ಕೆ ದಾಟಿಸಿದರೆ ಕೆಲಸ ನಡೆಯುತ್ತದೆ. ಸಿಎಸ್‌ವಿ 86ರ ಜೀನೋಮನ್ನು ಪ್ರಕಟಿಸಿದವರು ಅದನ್ನು ಈ ಬಗೆಯ ಜೀನು ಬಿತ್ತನೆಗೆ ತಕ್ಕದ್ದೆಂದು ಸೂಚಿಸಿದ್ದು ಇದಕ್ಕೇ. ನ್ಯೂಯಾರ್ಕ್ ರಾಜ್ಯದ ಹಳೆಯ ಟಾರು ಗುಂಡಿಯೊಂದರ ಸುತ್ತ ಕಾರ್ನೆಲ್ ವಿಶ್ವವಿದ್ಯಾಲಯದ ಮ್ಯಾಡ್ಸನ್ ತಂಡ ಹುಡುಕಿದಾಗ, ಪಿಡಿಟಿಜಿ-1ನ್ನು ಹೋಲುವ ಪ್ಲಾಸ್ಮಿಡ್ಡಿನ ಜೀನುಗಳು ಬೇರೆ ಬೇರೆ ಬ್ಯಾಕ್ಟೀರಿಯಗಳಲ್ಲಿ ಸಿಕ್ಕವು. ಮನುಷ್ಯರು ಬಿತ್ತದೆಯೂ ಮಣ್ಣಿನಲ್ಲಿ ಈ ಕೈಬದಲಿ ನಡೆದೇ ಇತ್ತು.

ಬಾಗಲಕೋಟೆ ಜಿಲ್ಲೆಯಂಥ ಕಡೆ ಇದನ್ನೆಲ್ಲ ಬಳಸುವಾಗ ಮಣ್ಣನ್ನು ಮೊದಲು ಕೇಳಬೇಕಾಗುತ್ತದೆ. ಹುನಗುಂದದ ಎರೆಭೂಮಿಯ ಜೇಡಿ ನೀರನ್ನು ಹಿಡಿದಿಡುತ್ತದೆ. ಆದರೆ ಹಸಿಯಾದಾಗ ಗಾಳಿ ಆಡಗೊಡುವುದಿಲ್ಲ, ಡೈಆಕ್ಸಿಜನೇಸಿಗೆ ಬೇಕಾದದ್ದು ಗಾಳಿಯೇ. ಬೇಸಿಗೆಯಲ್ಲಿ ಅದೇ ಭೂಮಿ ಕೈ ತೂರುವಷ್ಟು ಬಿರಿಯುತ್ತದೆ, ಆಗ ಗಾಳಿ ಇದೆ, ನೀರಿಲ್ಲ. ಬಾದಾಮಿಯ ಮರಳುಗಲ್ಲಿನ ಸುತ್ತಲ ಮಸಾರಿ ನೆಲದಲ್ಲಿ ಗಾಳಿಗೆ ಕೊರತೆಯಿಲ್ಲ, ತೇವ ನಿಲ್ಲದು. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಈ ಸೀಮೆಯಲ್ಲಿ ಬ್ಯಾಕ್ಟೀರಿಯಕ್ಕೆ ದುಡಿಯಲು ಸಿಗುವ ತಿಂಗಳುಗಳೇ ಕೆಲವು. ಗ್ಯಾರೇಜಿನ ಅಂಗಳದ ಎಣ್ಣೆಮಣ್ಣನ್ನು ಅಗೆದು, ಕೊಟ್ಟಿಗೆ ಗೊಬ್ಬರ ಬೆರೆಸಿ, ತೇವ ಆರದಂತೆ ನೋಡಿಕೊಂಡು ಆಗಾಗ ಮಗುಚುವ ಸಾದಾ ಕ್ರಮವೂ ಅಲ್ಲಿರುವ ಬ್ಯಾಕ್ಟೀರಿಯಗಳನ್ನು ಎಬ್ಬಿಸಬಲ್ಲದು, ಸಾರಜನಕ ಮತ್ತು ರಂಜಕ ಸಾಕಷ್ಟಿದ್ದರೆ.

ಹಾಗೆ ಎದ್ದವು ನಿಜವಾಗಿ ಕೆಲಸ ಮಾಡುತ್ತಿವೆಯೇ ಎಂದು ನೋಡಲು ಈಗ ಬ್ಯಾಕ್ಟೀರಿಯವನ್ನು ತಟ್ಟೆಯಲ್ಲಿ ಬೆಳೆಸಲೇಬೇಕೆಂದಿಲ್ಲ. ಮಣ್ಣಿನಿಂದ ನೇರವಾಗಿ ಡಿಎನ್ಎ ತೆಗೆದು, ಡೈಆಕ್ಸಿಜನೇಸಿನ ದೊಡ್ಡ ಸರಪಳಿಯ ಜೀನು ಎಷ್ಟು ಪ್ರತಿ ಇದೆ ಎಂದು ಪಿಸಿಆರ್‌ನಿಂದ ಎಣಿಸುತ್ತಾರೆ. ಸೂಡೊಮೊನಾಸ್ ಬಗೆಯವಕ್ಕೆ ಒಂದು ಜೋಡಿ ಪ್ರೈಮರ್, ಮೈಕೊಬ್ಯಾಕ್ಟೀರಿಯ ಬಗೆಯವಕ್ಕೆ ಇನ್ನೊಂದು. ಜೀನು ಇದ್ದ ಮಾತ್ರಕ್ಕೆ ಅದು ಚಾಲೂ ಇದೆ ಎಂದಲ್ಲ, ಆದ್ದರಿಂದ ಅದರ ಆರ್ಎನ್ಎ ಪ್ರತಿಯನ್ನೂ ಎಣಿಸುತ್ತಾರೆ. ಆರ್ಎನ್ಎ ಬೇಗ ಕೆಡುತ್ತದೆ. ಇಳಕಲ್ಲಿನ ಗ್ಯಾರೇಜಿನಲ್ಲಿ ತೆಗೆದ ಮಣ್ಣು ಧಾರವಾಡದ ಪ್ರಯೋಗಾಲಯ ಮುಟ್ಟುವವರೆಗೆ ಡ್ರೈ ಐಸಿನಲ್ಲೇ ಇರಬೇಕು.